ಪ್ರಿಂಟರ್‌ಗೆ ಹಾಕ್ಸಿದ ಹೊಸ ಮೆಮೊರಿ ನಿಜವಾಗ್ಲೂ ಕೆಲ್ಸ ಮಾಡ್ತಿದ್ಯಾ? ಹೀಗೆ ಚೆಕ್ ಮಾಡ್ಕೊಳ್ಳಿ

ಲೇಸರ್ ಪ್ರಿಂಟರ್‌ಗೆ ಎಕ್ಸ್‌ಟ್ರಾ ರ‍್ಯಾಮ್ ಹಾಕ್ಸಿದ ಮೇಲೆ ಸುಮಾರು ಜನ ಮಾಡೋದು ಒಂದೇ ಕೆಲ್ಸ, ವಿಂಡೋಸ್‌ನಿಂದ ಒಂದು ಟೆಸ್ಟ್ ಪೇಜ್ ಕೊಡ್ತಾರೆ, ಅದು ಹೊರಗೆ ಬಂತು ಅಂದ್ರೆ ಎಲ್ಲಾ ಸರಿ ಇದೆ ಅಂತ ದುಡ್ಡು ಕೊಟ್ಟು ಸರ್ವಿಸ್‌ನವ್ರನ್ನ ಕಳಿಸ್ಬಿಡ್ತಾರೆ. ಆದ್ರೆ ಆ ಟೆಸ್ಟ್ ಪೇಜ್‌ನಲ್ಲಿ ಇರೋದು ಒಂದು ಲೋಗೋ ಮತ್ತೆ ಡ್ರೈವರ್ (ಪ್ರಿಂಟರ್ ಜೊತೆ ಮಾತಾಡೋ ಕಂಪ್ಯೂಟರ್‌ನ ಸಾಫ್ಟ್‌ವೇರ್) ಬಗ್ಗೆ ಒಂದಷ್ಟು ಸಾಲು ಅಷ್ಟೇ, ಅದು ಹಳೇ ಮೆಮೊರಿಯಲ್ಲೂ ಆರಾಮಾಗಿ ಬರ್ತಿತ್ತು, ಹೊಸ ರ‍್ಯಾಮ್ ಸ್ಲಾಟ್‌ನಲ್ಲಿ ಸುಮ್ನೆ ಕೂತಿದ್ರೂ ಬರತ್ತೆ. ಹಾಗಾಗಿ ಆ ಪೇಜ್ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ.

ನಿಜವಾಗಿ ನೋಡ್ಬೇಕಾದ್ದು ಮೂರು ವಿಷ್ಯ. ಪ್ರಿಂಟರ್ ಆ ರ‍್ಯಾಮನ್ನ ಗುರುತು ಹಿಡಿದಿದ್ಯಾ, ಕಂಪ್ಯೂಟರ್‌ನಲ್ಲಿರೋ ಡ್ರೈವರ್‌ಗೆ ಆ ವಿಷ್ಯ ಗೊತ್ತಾಗಿದ್ಯಾ, ಮತ್ತೆ ಮೊದ್ಲು ಸಿಕ್ಕಾಕೊಳ್ತಿದ್ದ ಹೆವಿ ಪೇಜ್ ಈಗ ಸಲೀಸಾಗಿ ಬರ್ತಿದ್ಯಾ. ಮೊದಲ್ನೇದನ್ನ ಕೆಲವರು ನೋಡ್ತಾರೆ, ಎರಡನೇದು ಬಹಳ ಜನಕ್ಕೆ ಗೊತ್ತೇ ಇಲ್ಲ, ಮೂರನೇದಕ್ಕೆ ರ‍್ಯಾಮ್ ಹಾಕೋಕೆ ಮುಂಚೆನೇ ಸ್ವಲ್ಪ ತಯಾರಿ ಬೇಕು.

ನಿಮ್ ಪ್ರಿಂಟರ್‌ಗೆ ಮೆಮೊರಿ ಹಾಕೋಕಾಗತ್ತಾ?

ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಮ್ ಕಡೆ ಅಂಗಡಿ, ಆಫೀಸು, ವಕೀಲರ ಟೇಬಲ್ಲು ಎಲ್ಲಾ ಕಡೆ ಕಾಣೋ ಕ್ಯಾನನ್ ಎಲ್‌ಬಿಪಿ 2900 ಮತ್ತೆ ಎಚ್‌ಪಿ ಲೇಸರ್‌ಜೆಟ್ 1020, ಇವೆರಡಕ್ಕೂ ರ‍್ಯಾಮ್ ಸ್ಲಾಟೇ ಇಲ್ಲ. ಒಳಗಿರೋದೇ 2 ಎಂಬಿ. ಅಷ್ಟ್ ಕಮ್ಮಿ ಮೆಮೊರಿಯಲ್ಲಿ ಹೇಗೆ ಪ್ರಿಂಟ್ ಆಗತ್ತೆ ಅಂದ್ರೆ, ಪೇಜನ್ನ ಚುಕ್ಕಿಗಳಾಗಿ ಒಡೆಯೋ ಕೆಲ್ಸ ಪೂರ್ತಿ ನಿಮ್ ಕಂಪ್ಯೂಟರೇ ಮಾಡತ್ತೆ, ಪ್ರಿಂಟರ್ ಬಂದಿದ್ದನ್ನ ಹಂಗೇ ಹಾಳೆ ಮೇಲೆ ಇಳಿಸತ್ತೆ. ಇಂಥ ಪ್ರಿಂಟರ್ ನಿಧಾನ ಆಗಿದ್ರೆ ಕಂಪ್ಯೂಟರ್‌ಗೆ ರ‍್ಯಾಮ್ ಹಾಕ್ಸಿ, ಪ್ರಿಂಟರ್‌ಗಲ್ಲ. ಮನೇಲಿ ಬಳಸೋ ಇಂಕ್ ಟ್ಯಾಂಕ್ ಪ್ರಿಂಟರ್‌ಗಳ ಕಥೆನೂ ಅಷ್ಟೇ, ಅದಕ್ಕೆ ಮೆಮೊರಿ ಹಾಕ್ಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಸ್ಲಾಟ್ ಇರೋದು ಸ್ವಂತ ಪ್ರೊಸೆಸರ್ ಇಟ್ಕೊಂಡು, ಪೇಜ್ ಹೇಗಿರ್ಬೇಕು ಅಂತ ವಿವರಿಸೋ ಪಿಸಿಎಲ್ ಅಥ್ವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅರ್ಥ ಮಾಡ್ಕೊಳ್ಳೋ ಪ್ರಿಂಟರ್‌ಗಳಲ್ಲಿ, ಅದ್ರಲ್ಲೂ ಎಲ್ಲದ್ರಲ್ಲೂ ಇರಲ್ಲ. ಲೇಸರ್‌ಜೆಟ್ 1320, ಪಿ2015, ಪಿ2055ಡಿಎನ್, ಪಿ3015, ಡಿಟಿಪಿ ಸೆಂಟರ್‌ಗಳಲ್ಲಿ ಎ3 ಬಟರ್ ಪೇಪರ್ ತೆಗೆಯೋಕೆ ಇಟ್ಕೊಂಡಿರೋ 5200, ಇಂಥವು. ಉದಾಹರಣೆಗೆ ಪಿ2055ಡಿಎನ್ ಕಂಪನಿಯಿಂದ ಬರೋವಾಗ 128 ಎಂಬಿ ಇರತ್ತೆ, ಒಂದು ಸ್ಲಾಟ್ ಖಾಲಿ, ಅದಕ್ಕೆ 256 ಎಂಬಿ ಹಾಕಿದ್ರೆ ಒಟ್ಟು 384. ಈ ಲೇಖನಕ್ಕೆ ಇದನ್ನೇ ಉದಾಹರಣೆಯಾಗಿ ಇಟ್ಕೊಳ್ಳೋಣ.

ರ‍್ಯಾಮ್ ಹಾಕೋಕೆ ಮುಂಚೆ

ದಯವಿಟ್ಟು ಇದನ್ನ ಬಿಡ್ಬೇಡಿ. ಹಳೇ ಮೆಮೊರಿ ಇದ್ದಾಗ್ಲೇ ಕಾನ್ಫಿಗರೇಶನ್ ಪೇಜ್ (ಪ್ರಿಂಟರ್ ತನ್ನ ವಿವರ ತಾನೇ ಹೇಳ್ಕೊಳ್ಳೋ ಹಾಳೆ) ಒಂದನ್ನ ಪ್ರಿಂಟ್ ತಗೊಂಡು ಎತ್ತಿಡಿ. ಸ್ಕ್ರೀನ್ ಇರೋ ಪ್ರಿಂಟರ್ ಆದ್ರೆ ಮೆನುನಲ್ಲಿ ಇನ್ಫರ್ಮೇಶನ್ ಅಥ್ವಾ ರಿಪೋರ್ಟ್ಸ್ ಅಂತಿರತ್ತೆ, ಅದ್ರೊಳಗೆ ಪ್ರಿಂಟ್ ಕಾನ್ಫಿಗರೇಶನ್. ಸ್ಕ್ರೀನ್ ಇಲ್ದೇ ಬರೀ ಲೈಟು, ಬಟನ್ ಇರೋದಾದ್ರೆ ಗೋ ಬಟನ್ ಒತ್ತಿ ಹಿಡ್ಕೊಂಡ್ರೆ ಬರತ್ತೆ, ಎಷ್ಟು ಹೊತ್ತು ಒತ್ಬೇಕು ಅನ್ನೋದು ಮಾಡೆಲ್ ಮೇಲೆ ಹೋಗತ್ತೆ, ಮ್ಯಾನುಯಲ್ ನೋಡ್ಕೊಳ್ಳಿ. ಪ್ರಿಂಟರ್ ನೆಟ್‌ವರ್ಕ್‌ನಲ್ಲಿ ಇದ್ರೆ ಹಾಳೆನೂ ಬೇಡ, ಅದ್ರ ಐಪಿ ಅಡ್ರೆಸ್‌ನ ಬ್ರೌಸರ್‌ನಲ್ಲಿ ಹಾಕಿ, ಅದೇ ಮಾಹಿತಿ ಸ್ಕ್ರೀನ್ ಮೇಲೇ ಕಾಣತ್ತೆ.

ಆಮೇಲೆ ನಿಮಗೆ ನಿಜವಾಗ್ಲೂ ತೊಂದ್ರೆ ಕೊಡ್ತಿದ್ದ ಒಂದು ಫೈಲ್ ಆರಿಸ್ಕೊಳ್ಳಿ. ಬರೀ ಅಕ್ಷರ ಇರೋ ಲೆಟರ್ ಬೇಡ. ಸ್ಕ್ಯಾನ್ ಮಾಡಿದ ಹಳೇ ಕ್ರಯಪತ್ರ, ದೊಡ್ಡ ಲೇಔಟ್ ನಕ್ಷೆ, ಬ್ಯಾಕ್‌ಗ್ರೌಂಡ್‌ನಲ್ಲಿ ಡಿಸೈನು ಮಧ್ಯದಲ್ಲಿ ನಾಲ್ಕೈದು ಥರ ಫಾಂಟು ಇರೋ ಲಗ್ನಪತ್ರಿಕೆ, ಇಂಥದ್ದು. ಅದನ್ನ ಪಿಡಿಎಫ್ ಮಾಡಿಟ್ಕೊಂಡು, ಪ್ರಿಂಟರ್‌ನಲ್ಲಿ ಇರೋ ಹೈಯೆಸ್ಟ್ ಕ್ವಾಲಿಟಿ ಸೆಟ್ಟಿಂಗ್ ಕೊಟ್ಟು, ಎರಡೂ ಸೈಡ್ ಬರೋ ಸೌಲಭ್ಯ ಇದ್ರೆ ಅದನ್ನೂ ಆನ್ ಮಾಡಿ ಪ್ರಿಂಟ್ ಕೊಡಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಪ್ರಿಂಟ್ ಒತ್ತಿದಾಗಿಂದ ಕೊನೇ ಹಾಳೆ ಬೀಳೋವರ್ಗೂ ಎಷ್ಟ್ ಹೊತ್ತಾಯ್ತು ಬರ್ಕೊಳ್ಳಿ. ಮೊದಲ್ನೇ ಸಲದ ಲೆಕ್ಕ ಬಿಟ್ಬಿಡಿ, ಯಾಕಂದ್ರೆ ಆಗ ಫ್ಯೂಸರ್ (ಟೋನರನ್ನ ಬಿಸಿಯಲ್ಲಿ ಹಾಳೆಗೆ ಅಂಟಿಸೋ ಭಾಗ) ಬಿಸಿ ಆಗೋ ಟೈಮೂ ಅದ್ರಲ್ಲಿ ಸೇರ್ಕೊಂಡಿರತ್ತೆ. ಎರಡನೇ ಸಲದ್ದು ತಗೊಳ್ಳಿ. ಎರರ್ ಬಂದ್ರೆ ಅದು ಯಾವ ಎರರ್ ಅಂತ ಫೋಟೋ ತೆಗೆದಿಟ್ಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಅಡೋಬಿ ರೀಡರ್‌ನಲ್ಲಿ ಪ್ರಿಂಟ್ ಕೊಡೋವಾಗ ಅಡ್ವಾನ್ಸ್ಡ್ ಅಂತ ಬಟನ್ ಇರತ್ತೆ, ಅದ್ರೊಳಗೆ ಪ್ರಿಂಟ್ ಆ್ಯಸ್ ಇಮೇಜ್ ಅನ್ನೋದಕ್ಕೆ ಟಿಕ್ ಇದ್ಯಾ ನೋಡಿ. ಟಿಕ್ ಇದ್ರೆ ಪೇಜ್‌ನಲ್ಲಿರೋ ಫಾಂಟು, ಗೆರೆ ಎಲ್ಲಾ ಕಂಪ್ಯೂಟರೇ ಚಿತ್ರ ಮಾಡಿ ಕಳಿಸ್ಬಿಡತ್ತೆ, ಆಗ ಪ್ರಿಂಟರ್ ಫಾಂಟ್‌ಗಳನ್ನ ಹೇಗೆ ನಿಭಾಯಿಸತ್ತೆ ಅನ್ನೋದು ಪರೀಕ್ಷೆನೇ ಆಗಲ್ಲ. ಟೆಸ್ಟ್ ಮಾಡೋವಾಗ ಟಿಕ್ ತೆಗೆದಿರಿ, ರ‍್ಯಾಮ್ ಹಾಕಿದ ಮೇಲೂ ಅದೇ ಸೆಟ್ಟಿಂಗ್, ಅದೇ ಕಂಪ್ಯೂಟರ್, ಅದೇ ಕೇಬಲ್.

ಒಂದು ಪೇಜ್‌ಗೆ ಎಷ್ಟು ಮೆಮೊರಿ ಬೇಕು?

ಈ ಲೆಕ್ಕ ಗೊತ್ತಿದ್ರೆ ಯಾವ ಥರ ಟೆಸ್ಟ್ ಕೊಡ್ಬೇಕು ಅನ್ನೋದು ತಾನಾಗೇ ಅರ್ಥ ಆಗತ್ತೆ. ಎ4 ಹಾಳೆ 600 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 600 ಚುಕ್ಕಿ ಲೆಕ್ಕದಲ್ಲಿ, ಅಡ್ಡಕ್ಕೆ ಸುಮಾರು 4960, ಉದ್ದಕ್ಕೆ 7016 ಚುಕ್ಕಿ. ಗುಣಿಸಿದ್ರೆ ಹತ್ರ ಹತ್ರ 3.5 ಕೋಟಿ ಚುಕ್ಕಿ. ಕಪ್ಪು ಬಿಳುಪು ಪ್ರಿಂಟರ್‌ನಲ್ಲಿ ಒಂದು ಚುಕ್ಕಿಗೆ ಒಂದು ಬಿಟ್ ಅಂದ್ರೂ ಸುಮಾರು 4.3 ಎಂಬಿ. ಅದೇ 1200 ಡಿಪಿಐ ಮಾಡಿದ್ರೆ ಎರಡು ಪಟ್ಟಲ್ಲ, ಅಡ್ಡಕ್ಕೂ ಉದ್ದಕ್ಕೂ ಡಬಲ್ ಆಗೋದ್ರಿಂದ ನಾಲ್ಕು ಪಟ್ಟು, ಅಂದ್ರೆ 17 ಎಂಬಿ ಮೇಲೆ. ಎ3 ಆದ್ರೆ ಅದ್ರ ಡಬಲ್, ಸುಮಾರು 35 ಎಂಬಿ. ಕಲರ್ ಪ್ರಿಂಟರ್ ಆದ್ರೆ ನಾಲ್ಕು ಬಣ್ಣಕ್ಕೂ ಬೇರೆ ಬೇರೆ ಪದರ. ಪ್ರಿಂಟರ್‌ಗಳು ಇದನ್ನ ಕಂಪ್ರೆಸ್ ಮಾಡ್ಕೊಳ್ಳತ್ವೆ, ಅದಕ್ಕೇ ಕಮ್ಮಿ ಮೆಮೊರಿ ಇದ್ರೂ ಎಷ್ಟೋ ಪೇಜ್ ಬರತ್ತೆ, ಆದ್ರೆ ಫೋಟೋ, ಸ್ಕ್ಯಾನ್ ಇಂಥವು ಅಷ್ಟಾಗಿ ಕಂಪ್ರೆಸ್ ಆಗಲ್ಲ.

ಇದ್ರ ಮೇಲೆ ಫಾಂಟ್‌ಗಳು. ಕನ್ನಡ ಡಿಟಿಪಿ ಮಾಡೋರು ಇದನ್ನ ಗಮನಿಸ್ಬೇಕು. ಪ್ರಿಂಟರ್ ಒಳಗೆ ಇಂಗ್ಲಿಷ್ ಫಾಂಟುಗಳು ಒಂದಷ್ಟು ಮೊದ್ಲೇ ಇರ್ತವೆ, ಕನ್ನಡದ್ದು ಇರಲ್ಲ. ನುಡಿ, ಬರಹ, ಶ್ರೀಲಿಪಿ ಯಾವುದೇ ಆಗ್ಲಿ, ಆ ಅಕ್ಷರಗಳ ರೂಪನ ಡ್ರೈವರ್ ಕಂಪ್ಯೂಟರ್‌ನಿಂದ ಪ್ರಿಂಟರ್‌ನ ಮೆಮೊರಿಗೆ ಇಳಿಸ್ಬೇಕು. ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ಒಂದೊಂದು ಪೇಜ್‌ಗೆ ಬೇಕಾಗೋ ರೂಪಗಳು ಇಂಗ್ಲಿಷ್‌ಗಿಂತ ಜಾಸ್ತಿ, ಹೆಡ್ಡಿಂಗ್‌ಗೆ ಒಂದು ಫಾಂಟು, ಹೆಸರಿಗೆ ಇನ್ನೊಂದು, ವಿಳಾಸಕ್ಕೆ ಮತ್ತೊಂದು ಅಂತ ಹಾಕಿದ್ರೆ ಇನ್ನೂ ಜಾಸ್ತಿ. ಹಾಗಾಗಿ ಕನ್ನಡದ ಲಗ್ನಪತ್ರಿಕೆ ಮೆಮೊರಿ ಟೆಸ್ಟ್‌ಗೆ ನಿಜವಾಗ್ಲೂ ಒಳ್ಳೇ ಫೈಲು.

ಹಾಕೋವಾಗ

ಇಲ್ಲಿ ಜಾಸ್ತಿ ಹೇಳಲ್ಲ. ಪ್ರಿಂಟರ್ ಆಫ್ ಮಾಡಿದ್ರೆ ಸಾಲ್ದು, ಪವರ್ ಕಾರ್ಡ್ ಕಿತ್ತಿಡಿ, ಯುಎಸ್‌ಬಿ, ನೆಟ್‌ವರ್ಕ್ ಕೇಬಲ್ಲೂ ತೆಗೀರಿ. ಪ್ರಿಂಟರ್‌ನ ಲೋಹದ ಭಾಗ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ, ಆಮೇಲೆ ರ‍್ಯಾಮ್‌ನ ಅಂಚು ಹಿಡ್ಕೊಂಡು ಎತ್ತಿ, ಬಂಗಾರದ ಬಣ್ಣದ ಪಟ್ಟಿ ಮುಟ್ಬೇಡಿ. ಕೆಳಗಿನ ಅಂಚಲ್ಲಿರೋ ಕಚ್ಚು ಸ್ಲಾಟ್‌ನ ಗುರುತಿಗೆ ಸರಿಯಾಗಿ ಕೂರ್ಬೇಕು, ಎರಡೂ ಪಕ್ಕದ ಕ್ಲಿಪ್ ಟಕ್ ಅಂತ ಹಾಕ್ಕೊಳ್ಬೇಕು. ಜೋರಾಗಿ ತುರುಕೋ ಪರಿಸ್ಥಿತಿ ಬಂತು ಅಂದ್ರೆ ಅದು ಬೇರೆ ಜಾತಿ ರ‍್ಯಾಮ್ ಅಂತ ಅರ್ಥ, ನಿಲ್ಲಿಸ್ಬಿಡಿ.

ಲ್ಯಾಪ್‌ಟಾಪ್ ರ‍್ಯಾಮ್ ಮಿಕ್ಕಿದ್ದು ಇದೆ, ಹಾಕ್ಬಹುದಾ ಅಂತ ಕೇಳೋರು ಬಹಳ. ಪಿ2055, ಪಿ3015 ಇಂಥವಕ್ಕೆ ಬೇಕಾಗೋದು 144 ಪಿನ್‌ನ 32 ಬಿಟ್ ಡಿಡಿಆರ್2, ಲ್ಯಾಪ್‌ಟಾಪ್‌ನ ಡಿಡಿಆರ್2 200 ಪಿನ್, ಡಿಡಿಆರ್3 204 ಪಿನ್, ಅವು ಕೂರೋದೇ ಇಲ್ಲ. ತುಂಬ ಹಳೇ ಲ್ಯಾಪ್‌ಟಾಪ್‌ಗಳ ಎಸ್‌ಡಿ ರ‍್ಯಾಮ್ ಕೂಡ 144 ಪಿನ್ನೇ, ಆದ್ರೆ ಅದು 64 ಬಿಟ್, ಪೂರ್ತಿ ಬೇರೆ ವಸ್ತು. ಪಿನ್ ಲೆಕ್ಕ ಒಂದೇ ಇದೆ ಅಂತ ತಗೋಬೇಡಿ, ಪ್ರಿಂಟರ್ ಮಾಡೆಲ್ ಹೇಳಿ ತಗೊಳ್ಳಿ.

ಮೊದಲ್ನೇ ಚೆಕ್: ಪ್ರಿಂಟರ್ ಏನ್ ಹೇಳತ್ತೆ

ಆನ್ ಮಾಡಿ ರೆಡಿ ಬರೋವರ್ಗೂ ಕಾಯಿರಿ, ಮೆಮೊರಿ ಜಾಸ್ತಿ ಆದ್ರೆ ಕೆಲವು ಮಾಡೆಲ್ ಆನ್ ಆಗೋಕೆ ಸ್ವಲ್ಪ ಹೊತ್ತು ಜಾಸ್ತಿ ತಗೊಳ್ಳತ್ತೆ, ಅದನ್ನ ಪರೀಕ್ಷೆ ಮಾಡ್ಕೊಳ್ತಿರತ್ತೆ, ಗಾಬರಿ ಆಗ್ಬೇಡಿ. ಮತ್ತೆ ಕಾನ್ಫಿಗರೇಶನ್ ಪೇಜ್ ತೆಗೆದು ಹಳೇದ್ರ ಪಕ್ಕ ಇಟ್ಕೊಳ್ಳಿ. ಮೆಮೊರಿ, ಇನ್‌ಸ್ಟಾಲ್ಡ್ ಮೆಮೊರಿ, ಟೋಟಲ್ ಮೆಮೊರಿ ಇಂಥ ಹೆಸರಲ್ಲಿ ಒಂದು ಸಾಲಿರತ್ತೆ. ನಮ್ ಉದಾಹರಣೆಯಲ್ಲಿ ಹಳೇ ಪೇಜ್‌ನಲ್ಲಿ 128, ಹೊಸದ್ರಲ್ಲಿ 384 ಇರ್ಬೇಕು. ಇಲ್ಲೂ 128 ಅಂತಾನೇ ಇದ್ರೆ ರ‍್ಯಾಮ್ ಲೆಕ್ಕಕ್ಕೇ ಬಂದಿಲ್ಲ.

ಇಲ್ಲಿ ಎರಡು ಗೊಂದಲ ಆಗತ್ತೆ. ಒಂದು, ಸ್ಲಾಟ್‌ನಲ್ಲಿ ಮೊದ್ಲೇ ಒಂದು ರ‍್ಯಾಮ್ ಇದ್ದು ಅದನ್ನ ತೆಗೆದು ಹೊಸದು ಹಾಕಿದ್ರೆ ಹೊಸದ್ರ ಪೂರ್ತಿ ಅಳತೆ ಲಾಭ ಆಗಲ್ಲ, ತೆಗೆದಿದ್ದನ್ನ ಕಳೀಬೇಕು. ಇನ್ನೊಂದು, ಕೆಲವು ಪೇಜ್‌ನಲ್ಲಿ ಟೋಟಲ್ ಅಂತ ಒಂದು ಸಂಖ್ಯೆ, ಅವೈಲಬಲ್ ಅಂತ ಅದಕ್ಕಿಂತ ಚಿಕ್ಕದು ಇನ್ನೊಂದು ಇರತ್ತೆ. ಪ್ರಿಂಟರ್ ತನ್ನ ಸ್ವಂತ ಕೆಲ್ಸಕ್ಕೆ ಒಂದಷ್ಟು ಇಟ್ಕೊಂಡಿರತ್ತೆ, ಮೋಸ ಆಯ್ತು ಅಂದ್ಕೋಬೇಡಿ. ಹಳೇ ಪೇಜ್‌ನ ಅವೈಲಬಲ್‌ಗೂ ಹೊಸ ಪೇಜ್‌ನ ಅವೈಲಬಲ್‌ಗೂ ಎಷ್ಟು ಏರಿದೆ ಅನ್ನೋದನ್ನ ನೋಡಿ. ಹಳೇ ಪೇಜ್ ತೆಗೆದಿಡಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕೆಲವು ಎಚ್‌ಪಿ ಪೇಜ್‌ಗಳಲ್ಲಿ ಡಿಡಬ್ಲ್ಯುಎಸ್ ಅಂತ ಒಂದು ಸಾಲು ಕಾಣತ್ತೆ, ಡ್ರೈವರ್‌ಗೆ ಕೆಲ್ಸ ಮಾಡೋಕೆ ಪ್ರಿಂಟರ್ ಬಿಟ್ಕೊಡೋ ಜಾಗ ಅದು. ಅದ್ರ ಪಕ್ಕದ ಸಂಖ್ಯೆ ಬರ್ಕೊಳ್ಳಿ, ಮುಂದಿನ ಚೆಕ್‌ನಲ್ಲಿ ಬೇಕಾಗತ್ತೆ.

ಪ್ರಿಂಟರ್ ಎರರ್ ಕೊಟ್ರೆ ಅದನ್ನೂ ಓದೋಕೆ ಕಲ್ತ್ಕೊಳ್ಳಿ. ಲೇಸರ್‌ಜೆಟ್ 4000 ಥರದ ಹಳೇ ಎಚ್‌ಪಿಗಳಲ್ಲಿ 53ರಿಂದ ಶುರುವಾಗೋ ಎರರ್ ಬಂದ್ರೆ ಅದು ಮೆಮೊರಿಯ ತೊಂದ್ರೆ. 53 ಆದ್ಮೇಲೆ ಬರೋ ಮೊದಲ ಅಂಕಿ 1 ಇದ್ರೆ ರ‍್ಯಾಮ್, 0 ಇದ್ರೆ ಫಾಂಟ್, ಫರ್ಮ್‌ವೇರ್ (ಪ್ರಿಂಟರ್ ಒಳಗಿನ ಸಾಫ್ಟ್‌ವೇರ್) ಥರದ್ದನ್ನ ಇಟ್ಕೊಂಡಿರೋ ರೋಮ್ (ROM) ಚಿಪ್, ಅದ್ರ ಪಕ್ಕದ ಅಂಕಿ ಯಾವ ಸ್ಲಾಟ್ ಅಂತ ಹೇಳತ್ತೆ. ಇಂಥದ್ದು ಬಂದ್ರೆ ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಮೆಮೊರಿ ತೆಗೆದು ಮತ್ತೆ ಸರಿಯಾಗಿ ಕೂರಿಸಿ, ಬೇರೆ ಸ್ಲಾಟ್ ಇದ್ರೆ ಅದ್ರಲ್ಲಿ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಆದ್ರೆ ಪಟ್ಟಿ ಮೇಲೆ ಕೊಳೆ ಕೂತಿರತ್ತೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಗ್ಲೂ ಬಂದಿಲ್ಲ ಅಂದ್ರೆ ಆ ಮಾಡೆಲ್ ಅಷ್ಟು ದೊಡ್ಡ ರ‍್ಯಾಮ್ ತಗೊಳ್ಳತ್ತಾ ಅಂತ ಮ್ಯಾನುಯಲ್‌ನಲ್ಲಿ ನೋಡಿ, ಪ್ರತಿ ಮಾಡೆಲ್‌ಗೂ ಒಂದು ಮ್ಯಾಕ್ಸಿಮಮ್ ಇರತ್ತೆ. ಪ್ರಿಂಟರ್ ಆನೇ ಆಗದೆ ಸ್ಕ್ರೀನ್ ಖಾಲಿ ನಿಂತ್ರೆ ಹೊಸದನ್ನ ತೆಗೆದು ಆನ್ ಮಾಡಿ ನೋಡಿ, ಆಗ ಬಂತು ಅಂದ್ರೆ ತಪ್ಪು ಎಲ್ಲಿದೆ ಅಂತ ಗೊತ್ತಾಯ್ತಲ್ಲ.

ಎರಡನೇ ಚೆಕ್: ಡ್ರೈವರ್‌ಗೆ ಹೇಳೋದು

ಇದನ್ನೇ ಬಹಳ ಜನ ಬಿಡೋದು. ಪ್ರಿಂಟರ್ 384 ಅಂತ ತೋರಿಸ್ತಿದ್ರೂ ಕಂಪ್ಯೂಟರ್‌ನಲ್ಲಿರೋ ಡ್ರೈವರ್ ಇನ್ನೂ 128 ಅಂದ್ಕೊಂಡೇ ಕೆಲ್ಸ ಮಾಡ್ತಿರ್ಬಹುದು. ಎಷ್ಟು ಫಾಂಟು ಪ್ರಿಂಟರ್‌ನಲ್ಲಿ ಇಳಿಸಿಡ್ಬೇಕು, ಎಷ್ಟನ್ನ ಸಣ್ಣ ಸಣ್ಣ ತುಂಡು ಮಾಡಿ ಕಳಿಸ್ಬೇಕು ಅಂತ ಕೆಲವು ಡ್ರೈವರ್ ಆ ಸಂಖ್ಯೆ ನೋಡ್ಕೊಂಡೇ ತೀರ್ಮಾನ ಮಾಡೋದು.

ವಿಂಡೋಸ್ 11 ಆದ್ರೆ ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್, ನಿಮ್ ಪ್ರಿಂಟರ್, ಅದ್ರಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಆಮೇಲೆ ಡಿವೈಸ್ ಸೆಟ್ಟಿಂಗ್ಸ್ ಟ್ಯಾಬ್. ಪ್ರಿಂಟಿಂಗ್ ಪ್ರಿಫರೆನ್ಸಸ್ ಅಲ್ಲ, ಅದು ಬೇರೆ, ಹೆಸರು ಹತ್ರ ಹತ್ರ ಇರೋದ್ರಿಂದ ಜನ ಅದ್ರೊಳಗೆ ಹುಡುಕ್ತಾ ಕೂರ್ತಾರೆ. ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಇನ್‌ಸ್ಟಾಲಬಲ್ ಆಪ್ಷನ್ಸ್ ಅಂತ ಬರತ್ತೆ, ಅಲ್ಲಿ ಪ್ರಿಂಟರ್ ಮೆಮೊರಿ ಅಂತ ಇದ್ರೆ ಸರಿಯಾದ ಸಂಖ್ಯೆ ಆರಿಸಿ. ಎಚ್‌ಪಿ ಡ್ರೈವರ್ ಆದ್ರೆ ಆಟೋಮ್ಯಾಟಿಕ್ ಕಾನ್ಫಿಗರೇಶನ್ ಅನ್ನೋ ಕಡೆ ಅಪ್‌ಡೇಟ್ ನೌ ಕೊಟ್ರೆ ತಾನೇ ಪ್ರಿಂಟರ್‌ನ ಕೇಳಿ ತುಂಬ್ಕೊಳ್ಳತ್ತೆ. ಡಿಡಬ್ಲ್ಯುಎಸ್ ಕೇಳಿದ್ರೆ ಪೇಜ್‌ನಿಂದ ಬರ್ಕೊಂಡಿದ್ದನ್ನ ಹಾಕಿ. ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಆದ್ರೆ ಅವೈಲಬಲ್ ಪೋಸ್ಟ್‌ಸ್ಕ್ರಿಪ್ಟ್ ಮೆಮೊರಿ ಅಂತ ಕೆಬಿ ಲೆಕ್ಕದಲ್ಲಿ ಇರತ್ತೆ, ಅಲ್ಲಿ ಮನಸ್ಸಿಗೆ ಬಂದ ಸಂಖ್ಯೆ ಹಾಕ್ಬೇಡಿ. ನಿಜವಾಗಿ ಇರೋದಕ್ಕಿಂತ ಜಾಸ್ತಿ ಹೇಳಿದ್ರೆ ಡ್ರೈವರ್ ಅಷ್ಟನ್ನೂ ಕಳಿಸತ್ತೆ, ಪ್ರಿಂಟರ್ ಅರ್ಧಕ್ಕೆ ಕೈ ಎತ್ತತ್ತೆ.

ಎಲ್ಲಾ ಬೂದು ಬಣ್ಣದಲ್ಲಿದ್ದು ಬದಲಾಯಿಸೋಕೆ ಆಗ್ತಿಲ್ಲ ಅಂದ್ರೆ ಅಡ್ಮಿನ್ ಪರ್ಮಿಷನ್ ಬೇಕು. ಆಫೀಸಲ್ಲಿ ಒಂದು ಸಿಸ್ಟಮ್‌ನಿಂದ ಶೇರ್ ಮಾಡಿರೋ ಪ್ರಿಂಟರ್ ಆದ್ರೆ ನಿಮ್ ಸಿಸ್ಟಮ್‌ನಲ್ಲಿ ಅಲ್ಲ, ಪ್ರಿಂಟರ್ ಶೇರ್ ಮಾಡಿರೋ ಆ ಸಿಸ್ಟಮ್‌ನಲ್ಲೇ ಬದಲಾಯಿಸ್ಬೇಕು. ಮೆಮೊರಿ ಅನ್ನೋ ಆಯ್ಕೆನೇ ಕಾಣ್ತಿಲ್ಲ ಅಂದ್ರೆ ವಿಂಡೋಸ್ ತಾನೇ ಹಾಕ್ಕೊಂಡಿರೋ ಜನರಲ್ ಡ್ರೈವರ್ ಇರ್ಬಹುದು, ಅದ್ರಲ್ಲಿ ಈ ಸೆಟ್ಟಿಂಗ್ ಇರಲ್ಲ, ಆಗ ಈ ಚೆಕ್ ಬಿಟ್ಟು ಮುಂದಕ್ಕೆ ಹೋಗಿ. ಮ್ಯಾಕ್‌ನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಒಳಗೆ ಆಪ್ಷನ್ಸ್ ಆ್ಯಂಡ್ ಸಪ್ಲೈಸ್‌ನಲ್ಲಿ ಇದೇ ಥರ ನೋಡ್ಬಹುದು.

ಮೂರನೇ ಚೆಕ್: ಹೆವಿ ಪೇಜ್

ಈಗ ಮೊದ್ಲು ಟೈಮ್ ಬರ್ದಿಟ್ಟ ಅದೇ ಪಿಡಿಎಫ್ ಕೊಡಿ. ಮೊದ್ಲು ಮೆಮೊರಿ ಓವರ್‌ಫ್ಲೋ, ಇನ್‌ಸಫಿಶಿಯೆಂಟ್ ಮೆಮೊರಿ, ಎಚ್‌ಪಿಯಲ್ಲಿ 20 ಅಥ್ವಾ 21 ಅಂತ ಎರರ್ ಬರ್ತಿದ್ರೆ ಅದು ಹೋಗಿದ್ಯಾ ನೋಡಿ. ಪೇಜ್‌ನ ಅರ್ಧ ಒಂದು ಹಾಳೆ ಮೇಲೆ, ಇನ್ನರ್ಧ ಮತ್ತೊಂದು ಹಾಳೆ ಮೇಲೆ ಬರ್ತಿದ್ರೆ, ಅಥ್ವಾ ಫೋಟೋ ಇರ್ಬೇಕಾದ ಜಾಗ ಖಾಲಿ ಬರ್ತಿದ್ರೆ, ಅದು ಸರಿ ಆಗಿದ್ಯಾ ನೋಡಿ. ಪೋಸ್ಟ್‌ಸ್ಕ್ರಿಪ್ಟ್ ಬಳಸೋರಿಗೆ ಪತ್ರಿಕೆ ಬದಲು ವಿಎಮ್ಎರರ್ ಅನ್ನೋ ಪದ ಇರೋ ಹಾಳೆ ಬಂದಿದ್ರೆ ಅದು ಮೆಮೊರಿ ಸಾಲದೇ ಬಂದಿದ್ದು, ಈಗ ನಿಲ್ಬೇಕು. ಎರರ್ ಹೋಯ್ತು ಅಂದ್ರೆ ಟೈಮ್ ಒಂದು ಸೆಕೆಂಡೂ ಕಮ್ಮಿ ಆಗದಿದ್ರೂ ನಿಮ್ ದುಡ್ಡು ಸಾರ್ಥಕ, ರ‍್ಯಾಮ್ ಹಾಕ್ಸೋದ್ರ ಮುಖ್ಯ ಉಪಯೋಗ ಅದೇ.

ಟೈಮ್ ವಿಷ್ಯಕ್ಕೆ ಬಂದ್ರೆ, ಪೇಜ್ ಪೇಜ್ ನಡುವೆ ಪ್ರಿಂಟರ್ ನಿಂತು ನಿಂತು ಯೋಚ್ನೆ ಮಾಡ್ತಿದ್ದ ಹಾಗೆ ಇದ್ದದ್ದು ಕಮ್ಮಿ ಆಗಿದ್ಯಾ ಗಮನಿಸಿ, ಎರಡೂ ಸೈಡ್ ಪ್ರಿಂಟ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗತ್ತೆ. ಕಂಪ್ಯೂಟರ್‌ನ ಪ್ರಿಂಟ್ ಕ್ಯೂ ವಿಂಡೋ ತೆರೆದಿಟ್ಕೊಳ್ಳಿ. ಸ್ಪೂಲಿಂಗ್ ಅಂತಾನೇ ಬಹಳ ಹೊತ್ತು ತೋರಿಸ್ತಿದ್ರೆ ಆ ತಡ ನಿಮ್ ಕಂಪ್ಯೂಟರ್‌ದು. ಕ್ಯೂನಿಂದ ಫೈಲ್ ಹೋದ್ಮೇಲೂ ಪ್ರಿಂಟರ್‌ನ ಡೇಟಾ ಲೈಟ್ ಮಿಣುಕ್ತಾನೇ ಇದ್ರೆ ಆ ತಡ ಪ್ರಿಂಟರ್‌ದು.

ಬರೀ ಅಕ್ಷರದ ಐವತ್ತು ಪೇಜ್ ಬೇಗ ಬರ್ತಿಲ್ಲ ಅಂತ ಬೇಜಾರಾಗ್ಬೇಡಿ, ಅದು ಬರಲ್ಲ. ನಿಮಿಷಕ್ಕೆ ಇಷ್ಟು ಹಾಳೆ ಅನ್ನೋದು ಇಂಜಿನ್‌ನ ವೇಗ, ಪಿ2055ರಲ್ಲಿ ಎ4ಗೆ ನಿಮಿಷಕ್ಕೆ 33, ರ‍್ಯಾಮ್ ಎಷ್ಟ್ ಹಾಕಿದ್ರೂ ಅದು 34 ಆಗಲ್ಲ. ಪ್ರಿಂಟ್ ಮಸುಕಾಗಿದ್ರೆ, ಗೆರೆ ಬರ್ತಿದ್ರೆ ಅದು ಟೋನರು, ಡ್ರಮ್ಮು, ಫ್ಯೂಸರ್ ವಿಷ್ಯ. ಮೆಮೊರಿ ಹಾಕಿದ್ರೆ ಪ್ರಿಂಟ್ ಕ್ಲಿಯರ್ ಆಗತ್ತೆ ಅಂತ ಹೇಳಿ ಮಾರೋದು ಸರಿಯಲ್ಲ. ಹಾಂ, ಒಂದು ಕಡೆ ಮಾತ್ರ ನಿಜ, ಮೊದ್ಲು ಮೆಮೊರಿ ಸಾಲದೇ ಪ್ರಿಂಟರ್ ತಾನೇ ಕ್ವಾಲಿಟಿ ಇಳಿಸ್ಕೊಂಡು ಪ್ರಿಂಟ್ ಮಾಡ್ತಿದ್ರೆ ಈಗ ಪೂರ್ತಿ ಡಿಪಿಐನಲ್ಲಿ ಬರತ್ತೆ, ಸಣ್ಣ ಅಕ್ಷರದ ಒತ್ತುಗಳಲ್ಲಿ, ಫೋಟೋದ ನೆರಳಲ್ಲಿ ಆ ವ್ಯತ್ಯಾಸ ಕಾಣತ್ತೆ.

ಆಮೇಲೂ ಒಂದು ವಾರ ನೋಡಿ

ಕೆಟ್ಟ ರ‍್ಯಾಮ್ ಮೊದಲ್ನೇ ದಿನವೇ ಸಿಕ್ಕಿ ಬೀಳತ್ತೆ ಅಂತೇನಿಲ್ಲ. ಸಣ್ಣ ಕೆಲ್ಸಗಳು ಮೊದಲಿಂದ ಇದ್ದ ಮೆಮೊರಿಯಲ್ಲೇ ಮುಗಿದು ಹೋಗ್ಬಹುದು, ಕಾನ್ಫಿಗರೇಶನ್ ಪೇಜ್ ಕೂಡ ಸರಿಯಾಗೇ ಬರ್ಬಹುದು, ದೊಡ್ಡ ಫೈಲ್ ಬಂದು ಕೆಟ್ಟಿರೋ ಜಾಗ ಮುಟ್ಟಿದಾಗ ಪ್ರಿಂಟರ್ ದಿಢೀರಂತ ರೀಸ್ಟಾರ್ಟ್ ಆಗತ್ತೆ, ಇಲ್ಲಾ ಅರ್ಧ ಪೇಜ್ ಆದ್ಮೇಲೆ ಕಸ ಕಸ ಚಿಹ್ನೆ ಬರತ್ತೆ. ಇಂಥದ್ದು ಆದ್ರೆ ಫೈಲ್‌ನ ದೋಷನೋ ರ‍್ಯಾಮ್‌ನ ದೋಷನೋ ಅಂತ ಬೇರ್ಪಡಿಸ್ಬೇಕು. ಆ ಫೈಲ್ ಕ್ಯೂನಿಂದ ತೆಗೆದು ಬೇರೆ ಹೆವಿ ಫೈಲ್ ಕೊಡಿ, ಅದೂ ಹಂಗೇ ಆದ್ರೆ ರ‍್ಯಾಮ್ ತೆಗೆದು ಅದೇ ಫೈಲ್‌ನ ಕಮ್ಮಿ ಡಿಪಿಐನಲ್ಲಿ ಕೊಟ್ಟು ನೋಡಿ. ರ‍್ಯಾಮ್ ಇಲ್ದಾಗ ತೊಂದ್ರೆ ಇಲ್ಲ, ಹಾಕಿದಾಗ್ಲೆಲ್ಲಾ ಇದೆ ಅಂದ್ರೆ ಅದನ್ನ ವಾಪಸ್ ಮಾಡಿ.

ವಾಪಸ್ ಮಾಡೋ ಮಾತು ಬಂದಿದ್ರಿಂದ ಹೇಳ್ತೀನಿ, ಬೆಂಗಳೂರಲ್ಲಿ ಎಸ್‌ಪಿ ರೋಡ್ ಕಡೆ ಅಥ್ವಾ ನಿಮ್ಮೂರಿನ ಅಂಗಡಿಯಲ್ಲಿ ಹಳೇ ಪ್ರಿಂಟರ್ ರ‍್ಯಾಮ್ ತಗೊಳ್ಳೋವಾಗ ಚೆಕಿಂಗ್ ವಾರಂಟಿ ಎಷ್ಟ್ ದಿನ ಅಂತ ಮೊದ್ಲೇ ಕೇಳಿ ಬಿಲ್ ಮೇಲೆ ಬರೆಸ್ಕೊಳ್ಳಿ. ಆ ದಿನಗಳೊಳಗೆ ನಿಮ್ಮಲ್ಲಿರೋ ಅತಿ ದೊಡ್ಡ ಫೈಲ್‌ಗಳನ್ನ ಬೇಕಂತಲೇ ಕೊಟ್ಟು ನೋಡಿ, ಎ3 ಪ್ರಿಂಟರ್ ಆದ್ರೆ ಎ3 ಅಳತೆಯಲ್ಲೇ ಕೊಡಿ. ತೊಂದ್ರೆ ಬಂದ್ರೆ ಹಳೇ ಮತ್ತೆ ಹೊಸ ಕಾನ್ಫಿಗರೇಶನ್ ಪೇಜ್ ಎರಡನ್ನೂ, ಎರರ್‌ನ ಫೋಟೋನೂ ಜೊತೆಗೆ ತಗೊಂಡ್ಹೋಗಿ, ಬಾಯ್ಮಾತಲ್ಲಿ ವಾದ ಮಾಡೋದಕ್ಕಿಂತ ಆ ಹಾಳೆ ತೋರಿಸಿದ್ರೆ ಬದಲಾಯಿಸ್ಕೊಡೋದು ಬೇಗ ಆಗತ್ತೆ.